ಲಿಬರೇಟರ್: ಗಂಟೆಗೊಂದು ಕಟ್ಟಿದರು, ಗುಜರಿಗೆ ಹಾಕಿದರು, ಬೆಂಗಳೂರು ಎತ್ತಿಕೊಂಡಿತು

ಅಮೆರಿಕ ಇದುವರೆಗೆ ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿದ ಮಿಲಿಟರಿ ವಿಮಾನ ಯಾವುದು ಅಂತ ಕೇಳಿದರೆ ಕೆಲವರು ಎಫ್-16 ಅಂತಾರೆ, ಯುದ್ಧದ ಸಿನಿಮಾ ಜಾಸ್ತಿ ನೋಡಿದವರು ಬಿ-17 ಅಂತಾರೆ. ಎರಡೂ ಅಲ್ಲ. ಬಿ-24 ಲಿಬರೇಟರ್ ಎಂಬ ಬಾಂಬರ್. ಎರಡನೇ ಮಹಾಯುದ್ಧದ ಆ ಐದಾರು ವರ್ಷಗಳಲ್ಲೇ ಸುಮಾರು 18,500 ತಯಾರಾದವು. ಯುದ್ಧ ಮುಗಿದ ಕೂಡಲೇ ಹೆಚ್ಚುಕಡಿಮೆ ಎಲ್ಲವೂ ಗುಜರಿ ಸೇರಿದವು. ಇವತ್ತು ಇಡೀ ಜಗತ್ತಿನಲ್ಲಿ ಪೂರ್ತಿಯಾಗಿ ಉಳಿದಿರುವ ಲಿಬರೇಟರ್‌ಗಳು ಇಪ್ಪತ್ತೂ ಇಲ್ಲ. ಹಾಗೆ ಉಳಿದವುಗಳಲ್ಲಿ ಹಲವು ಒಂದು ಕಾಲಕ್ಕೆ ಬೆಂಗಳೂರಿನ ಎಚ್‌ಎಎಲ್ ಹ್ಯಾಂಗರ್‌ನಲ್ಲಿ ನಿಂತಿದ್ದವು.

ಅಷ್ಟೊಂದು ಕಟ್ಟಿ ಎಸೆದದ್ದು ಏಕೆ, ಎಸೆದದ್ದನ್ನು ನಮ್ಮವರು ಎತ್ತಿಕೊಂಡದ್ದು ಹೇಗೆ ಅನ್ನುವುದಕ್ಕೆ ವಿಮಾನದ ವಿನ್ಯಾಸದಿಂದಲೇ ಶುರು ಮಾಡಬೇಕು.

1938ರಲ್ಲಿ ಅಮೆರಿಕದ ಸೇನೆ ಸ್ಯಾನ್ ಡಿಯೇಗೊದ ಕನ್ಸಾಲಿಡೇಟೆಡ್ ಕಂಪನಿಯನ್ನು ಒಂದು ಕೆಲಸ ಕೇಳಿತು. ಬೋಯಿಂಗ್‌ನವರ ಬಿ-17 ಬಾಂಬರನ್ನು ನೀವೂ ತಯಾರಿಸಿಕೊಡುತ್ತೀರಾ ಅಂತ. ಕಂಪನಿಯ ಯಜಮಾನ ರೂಬೆನ್ ಫ್ಲೀಟ್‌ಗೆ ಬೇರೆಯವರ ವಿಮಾನ ಕಟ್ಟಿಕೊಡುವ ಮನಸ್ಸಿರಲಿಲ್ಲ. ಅದಕ್ಕಿಂತ ಒಳ್ಳೆಯದನ್ನು ನಾವೇ ಮಾಡುತ್ತೇವೆ ಅಂದರು. ಮುಖ್ಯ ವಿನ್ಯಾಸಕ ಐಸಾಕ್ ಲ್ಯಾಡನ್ ತಂಡ ಕೆಲಸಕ್ಕೆ ಕೂತಿತು. 1939ರ ಮಾರ್ಚ್‌ನಲ್ಲಿ ಒಪ್ಪಂದ ಆಯಿತು, ಅದೇ ವರ್ಷದ ಡಿಸೆಂಬರ್ 29ಕ್ಕೆ ಮೊದಲ ವಿಮಾನ ಹಾರಿಯೇಬಿಟ್ಟಿತು. ಒಂಬತ್ತೇ ತಿಂಗಳು! ಈಗ ಒಂದು ಹೊಸ ಯುದ್ಧವಿಮಾನಕ್ಕೆ ಹತ್ತಿಪ್ಪತ್ತು ವರ್ಷ ಹಿಡಿಯುತ್ತದೆ.

ಲಿಬರೇಟರಿನ ಜೀವ ಅದರ ರೆಕ್ಕೆಯಲ್ಲಿತ್ತು. ಡೇವಿಡ್ ಡೇವಿಸ್ ಎಂಬ ಎಂಜಿನಿಯರ್ ಯಾವ ಕಂಪನಿಗೂ ಸೇರದೆ ಸ್ವಂತವಾಗಿ ರೂಪಿಸಿದ ರೆಕ್ಕೆ ಅದು. ಅದರ ಮಾದರಿಯನ್ನು ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯ ಗಾಳಿ ಸುರಂಗದಲ್ಲಿ ಪರೀಕ್ಷಿಸಿದಾಗ ಫಲಿತಾಂಶ ಎಷ್ಟು ಚೆನ್ನಾಗಿ ಬಂತೆಂದರೆ, ಅಳತೆಯಲ್ಲೇ ಏನೋ ತಪ್ಪಾಗಿದೆ ಅಂತ ಅಲ್ಲಿನವರಿಗೆ ಅನುಮಾನ ಬಂತು. ರೆಕ್ಕೆ ತುಂಬ ಉದ್ದ, ಆದರೆ ಸಪೂರ. ತುದಿಯಿಂದ ತುದಿಗೆ 110 ಅಡಿ. ಇಂಥ ರೆಕ್ಕೆಗೆ ಗಾಳಿಯ ತಡೆ ಕಡಿಮೆ, ಹಾಗಾಗಿ ಅಷ್ಟೇ ಪೆಟ್ರೋಲಿನಲ್ಲಿ ಜಾಸ್ತಿ ದೂರ ಹೋಗಬಹುದು.

ರೆಕ್ಕೆಯನ್ನು ವಿಮಾನದ ಮೈಯ ಮೇಲ್ಭಾಗಕ್ಕೆ ಜೋಡಿಸಿದ್ದರಿಂದ ಕೆಳಗಿನ ಜಾಗವೆಲ್ಲ ಬಾಂಬಿಗೆ ಸಿಕ್ಕಿತು. ಬಾಂಬ್ ಕೋಣೆಯ ಬಾಗಿಲುಗಳೂ ವಿಚಿತ್ರ. ಹೊರಕ್ಕೆ ತೆರೆದುಕೊಳ್ಳದೆ ಅಂಗಡಿಯ ರೋಲಿಂಗ್ ಷಟರ್ ಹಾಗೆ ಮೈಗೆ ಅಂಟಿಕೊಂಡೇ ಮೇಲಕ್ಕೆ ಸರಿಯುತ್ತಿದ್ದವು. ಬಾಗಿಲು ತೆರೆದರೂ ವೇಗ ಅಷ್ಟಾಗಿ ತಗ್ಗುತ್ತಿರಲಿಲ್ಲ.

ಈ ಗುಣಗಳಿಗೆಲ್ಲ ಬೆಲೆ ತೆತ್ತವರು ಒಳಗೆ ಕೂತವರು. ರೆಕ್ಕೆಗೆ ಸರಿಯಾದ ಪೆಟ್ಟು ಬಿದ್ದರೆ ಮುರಿದು ಮಡಚಿಕೊಳ್ಳುತ್ತಿತ್ತು. ತೀರಾ ಎತ್ತರದಲ್ಲಿ, ಪೂರ್ತಿ ಭಾರ ಹೊತ್ತು, ಬೇರೆ ವಿಮಾನಗಳ ಪಕ್ಕದಲ್ಲಿ ಸಾಲು ಹಿಡಿದು ಹಾರಿಸುವುದು ಪೈಲಟ್‌ಗಳ ತೋಳಿಗೆ ಶಿಕ್ಷೆ. ಪೆಟ್ರೋಲ್ ಸೋರುವ ಚಾಳಿ ಬೇರೆ. ಬಾಂಬ್ ಕೋಣೆ ದಾಟಿ ಹಿಂದಕ್ಕೆ ಹೋಗಲು ಇದ್ದದ್ದು ಒಂಬತ್ತು ಇಂಚು ಅಗಲದ ಪಟ್ಟಿ ಮಾತ್ರ. ಪ್ಯಾರಾಶೂಟ್ ಕಟ್ಟಿಕೊಂಡು ಅದರ ಮೇಲೆ ಹೋಗುವುದು ಹೇಗೋ! ಸಮುದ್ರಕ್ಕೆ ಇಳಿಸಬೇಕಾಗಿ ಬಂದರೆ ಆ ತೆಳು ಷಟರ್‌ಗಳು ನೀರಿನ ಹೊಡೆತಕ್ಕೆ ಕಿತ್ತುಹೋಗುತ್ತಿದ್ದವು. ಹಾರುವ ಶವಪೆಟ್ಟಿಗೆ ಅಂತ ಸಿಬ್ಬಂದಿ ಇದಕ್ಕೆ ಅಡ್ಡಹೆಸರಿಟ್ಟಿದ್ದು ಸುಮ್ನೆ ಅಲ್ಲ.

ಆದರೂ 18,500 ಕಟ್ಟಿದರು. ಕಾರಣ ಎರಡು: ದೂರ ಮತ್ತು ಫೋರ್ಡ್.

ದೂರದ ವಿಷಯ ಮೊದಲು. ಅಟ್ಲಾಂಟಿಕ್ ಸಾಗರದ ನಡುವೆ, ದಡದಿಂದ ಹೊರಟ ಯಾವ ವಿಮಾನವೂ ತಲುಪದ ಒಂದು ಜಾಗವಿತ್ತು. ಜರ್ಮನಿಯ ಸಬ್‌ಮರೀನ್‌ಗಳು ಅಲ್ಲಿ ಹೊಂಚುಹಾಕಿ ಬ್ರಿಟನ್‌ಗೆ ಸಾಮಾನು ಒಯ್ಯುವ ಹಡಗುಗಳನ್ನು ಮುಳುಗಿಸುತ್ತಿದ್ದವು. ಬಾಂಬ್ ಕೋಣೆಯಲ್ಲೂ ಪೆಟ್ರೋಲ್ ಟ್ಯಾಂಕ್ ಇಟ್ಟು, ಬೇಡದ ಭಾರ ಕಳಚಿದ ಲಿಬರೇಟರ್‌ಗಳು 1943ರಲ್ಲಿ ಆ ಜಾಗವನ್ನು ಮುಚ್ಚಿದವು. ಅವು ಬಂದದ್ದು ಕೆಲವೇ ಡಜನ್. ಹಡಗುಗಳ ಬೆಂಗಾವಲು, ರಾಡಾರ್, ಗುಪ್ತ ಸಂದೇಶಗಳ ಪತ್ತೆ ಎಲ್ಲವೂ ಜೊತೆಗಿದ್ದವು, ನಿಜ. ಆ ಮೇ ತಿಂಗಳೊಂದರಲ್ಲೇ ಜರ್ಮನಿ ನಲವತ್ತಕ್ಕೂ ಹೆಚ್ಚು ಸಬ್‌ಮರೀನ್ ಕಳೆದುಕೊಂಡು ಉತ್ತರ ಅಟ್ಲಾಂಟಿಕ್‌ನಿಂದ ಹಿಂದೆ ಸರಿಯಿತು. ನನ್ನ ಲೆಕ್ಕದಲ್ಲಿ ಲಿಬರೇಟರ್ ಮಾಡಿದ ಅತಿ ದೊಡ್ಡ ಕೆಲಸ ಇದೇ. ಹೆಸರು ಬಂದದ್ದು ಮಾತ್ರ ಪ್ಲೊಯೆಸ್ತಿಗೆ. 1943ರ ಆಗಸ್ಟ್ 1ರಂದು ಲಿಬಿಯಾದಿಂದ ಹೊರಟ 177 ಲಿಬರೇಟರ್‌ಗಳು ರೊಮೇನಿಯಾದ ಆ ತೈಲ ಸಂಸ್ಕರಣಾಗಾರಗಳ ಮೇಲೆ ಮರದೆತ್ತರದಲ್ಲಿ ನುಗ್ಗಿದವು. ಐವತ್ತಕ್ಕೂ ಹೆಚ್ಚು ವಿಮಾನ ನಾಶವಾದವು, ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಸಂಸ್ಕರಣಾಗಾರಗಳು ಕೆಲವೇ ವಾರಗಳಲ್ಲಿ ಚೇತರಿಸಿಕೊಂಡವು.

ಇನ್ನು ಫೋರ್ಡ್. ಕಾರು ಕಟ್ಟುವ ಹಾಗೆ ಬಾಂಬರ್ ಕಟ್ಟಬಹುದು ಅಂತ ಹೊರಟವರು ಆ ಕಂಪನಿಯ ಚಾರ್ಲ್ಸ್ ಸೊರೆನ್ಸನ್. ಮಿಷಿಗನ್‌ನ ವಿಲ್ಲೋ ರನ್‌ನಲ್ಲಿ ಇದಕ್ಕಂತಲೇ ದೈತ್ಯ ಕಾರ್ಖಾನೆ ಎದ್ದಿತು. ಮೊದಮೊದಲು ಅದು ನಗೆಪಾಟಲಾಯಿತು. ಕೆಲಸಗಾರರಿಲ್ಲ, ಇದ್ದವರಿಗೆ ಮನೆ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಒಂದೇ ನಮೂನೆಯ ಭಾಗಗಳನ್ನು ಸಾವಿರಗಟ್ಟಲೆ ಒತ್ತಿ ತೆಗೆಯುವುದು ಫೋರ್ಡ್ ಪದ್ಧತಿ. ಯುದ್ಧಭೂಮಿಯಿಂದಲೋ ದಿನಕ್ಕೊಂದು ಬೇಡಿಕೆ: ಮೂತಿಗೆ ಬಂದೂಕು ಗೋಪುರ ಬೇಕು, ಅಲ್ಲಿ ಕವಚ ಬೇಕು, ಇಲ್ಲಿ ಬೇಡ. ಬದಲಾವಣೆ ಬಂದಾಗಲೆಲ್ಲ ದುಬಾರಿ ಅಚ್ಚುಗಳು ವ್ಯರ್ಥ. ಕೊನೆಗೆ ಒಂದು ಉಪಾಯ ಮಾಡಿದರು. ಕಾರ್ಖಾನೆ ತನ್ನ ಪಾಡಿಗೆ ಒಂದೇ ಥರದ ವಿಮಾನ ಹೊರಹಾಕಲಿ, ಮಾರ್ಪಾಡುಗಳನ್ನು ಬೇರೆ ಕೇಂದ್ರಗಳಲ್ಲಿ ಮಾಡಿಕೊಳ್ಳೋಣ ಅಂತ. 1944ರ ಹೊತ್ತಿಗೆ ವಿಲ್ಲೋ ರನ್ ಸುಮಾರು ಗಂಟೆಗೊಂದು ಲಿಬರೇಟರ್ ಕೊಡುತ್ತಿತ್ತು. ಇದಲ್ಲದೆ ಇನ್ನೂ ನಾಲ್ಕು ಕಾರ್ಖಾನೆಗಳು ಅದೇ ವಿಮಾನ ಕಟ್ಟುತ್ತಿದ್ದವು.

ಈ ಭರಾಟೆಯಲ್ಲಿ ಹಲವು ಲಿಬರೇಟರ್‌ಗಳು ಭಾರತಕ್ಕೂ ಬಂದವು. ಅಮೆರಿಕದವರೂ ಬ್ರಿಟಿಷರೂ ಇಲ್ಲಿಂದ ಬರ್ಮಾ, ಥಾಯ್ಲೆಂಡ್‌ವರೆಗೆ ಬಾಂಬ್ ಹಾಕಲು ಇವನ್ನು ಬಳಸಿದರು. ಆ ದೂರಕ್ಕೆ ಆಗಿನ ಹೆಚ್ಚಿನ ಬಾಂಬರ್‌ಗಳು ಆಗುತ್ತಿರಲಿಲ್ಲ. ಇವುಗಳ ದೊಡ್ಡ ರಿಪೇರಿ ನಡೆಯುತ್ತಿದ್ದ ಜಾಗಗಳಲ್ಲಿ ಬೆಂಗಳೂರೂ ಒಂದು. ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಮೈಸೂರು ಸಂಸ್ಥಾನದ ಪಾಲುದಾರಿಕೆಯೊಂದಿಗೆ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದರೆ ನಮ್ಮ ಎಚ್‌ಎಎಲ್, 1943ರಲ್ಲಿ ಅಮೆರಿಕದ ವಾಯುಸೇನೆಯ ಕೈಗೆ ಹೋಗಿ 84ನೇ ಏರ್ ಡಿಪೊ ಆಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಓವರ್‌ಹಾಲ್‌ಗೆ ಬರುವಾಗ ಬೆಳ್ಳಂದೂರು ಕೆರೆಗೇ ಇಳಿಯುತ್ತಿದ್ದವು. ಹೌದು, ಈಗ ನೊರೆಗೆ ಹೆಸರಾದ ಅದೇ ಕೆರೆ. ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಕ್ಯಾಟಲೀನಾ, ಡಕೋಟಾ, ಲಿಬರೇಟರ್ ಮೂರಕ್ಕೂ ಇದ್ದದ್ದು ಪ್ರಾಟ್ ಅಂಡ್ ವಿಟ್ನಿಯ ಟ್ವಿನ್ ವಾಸ್ಪ್ ಎಂಜಿನ್. ಅದನ್ನು ಬಿಚ್ಚಿ ಜೋಡಿಸುವುದು ಬೆಂಗಳೂರಿನ ಮೆಕ್ಯಾನಿಕ್‌ಗಳಿಗೆ ಯುದ್ಧದ ದಿನಗಳಲ್ಲೇ ಕರಗತವಾಗಿತ್ತು.

ಯುದ್ಧ ಮುಗಿಯಿತು. ಬ್ರಿಟಿಷ್ ವಾಯುಪಡೆ ಹಾರಿಸುತ್ತಿದ್ದ ಲಿಬರೇಟರ್‌ಗಳು ಲೆಂಡ್-ಲೀಸ್ ಎಂಬ ಎರವಲು ಒಪ್ಪಂದದಲ್ಲಿ ಅಮೆರಿಕದಿಂದ ಬಂದಂಥವು. ಕೆಲಸ ಮುಗಿದ ಮೇಲೆ ಅವನ್ನು ವಾಪಸ್ ಕೊಡಬೇಕು, ಇಲ್ಲವೇ ನಾಶ ಮಾಡಬೇಕು. ತನ್ನ ನೆಲದಲ್ಲೇ ಸಾವಿರಾರು ಬಾಂಬರ್‌ಗಳನ್ನು ಕರಗಿಸುತ್ತಿದ್ದ ಅಮೆರಿಕಕ್ಕೆ ಇವು ಯಾಕೆ ಬೇಕು? ಕಾನ್ಪುರದ ಚಕೇರಿಯಲ್ಲಿ ಗುಡ್ಡೆ ಹಾಕಿದ ಲಿಬರೇಟರ್‌ಗಳನ್ನು ಬ್ರಿಟಿಷರು ಕೆಡಿಸಿಟ್ಟರು. ಎಂಜಿನ್ನಿಗೆ ಮರಳು ಸುರಿದರು, ಉಪಕರಣ ಒಡೆದರು, ಮೈಗೆ ತೂತು ಹೊಡೆದರು. ಯಾರೂ ಮತ್ತೆ ಹಾರಿಸಬಾರದು, ಅಷ್ಟೇ.

1948ರಲ್ಲಿ ಹೊಸ ಭಾರತದ ವಾಯುಪಡೆಗೆ ಭಾರಿ ಬಾಂಬರ್ ಬೇಕಾಗಿತ್ತು, ಕೊಳ್ಳಲು ಕೈಯಲ್ಲಿ ಹಣ ಇರಲಿಲ್ಲ. ಕಾನ್ಪುರದ ರಾಶಿಯಲ್ಲಿ ಏನಾದರೂ ಆಗುತ್ತದಾ ನೋಡಿ ಅಂತ ಎಚ್‌ಎಎಲ್‌ಗೆ ಹೇಳಲಾಯಿತು. ಇಲ್ಲಿನ ತಂಡ ಅಲ್ಲಿಗೆ ಹೋಗಿ, ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಒಂದೊಂದನ್ನೇ ಹಾರುವ ಮಟ್ಟಕ್ಕೆ ತಂದಿತು. ಪೂರ್ತಿ ರಿಪೇರಿ ಅಲ್ಲ, ಬೆಂಗಳೂರು ಮುಟ್ಟುವಷ್ಟು. ಅವನ್ನು ಹಾರಿಸಿಕೊಂಡು ಬಂದವರು ಕಂಪನಿಯ ಟೆಸ್ಟ್ ಪೈಲಟ್ ಜಮ್‌ಶೆಡ್ ಮುನ್ಷಿ. ಬೇಕಂತಲೇ ಕೆಡಿಸಿದ ನಾಲ್ಕು ಎಂಜಿನ್ನಿನ ಬಾಂಬರಿನಲ್ಲಿ ಕೂತು, ಬೆಂಗಳೂರಿಗೆ ಸುಮಾರು ಒಂದೂವರೆ ಸಾವಿರ ಕಿಲೋಮೀಟರ್. ಅದೂ ಒಂದು ಸಲ ಅಲ್ಲ, ಸುಮಾರು ನಲವತ್ತು ವಿಮಾನಗಳಿಗೆ. ಮುನ್ಷಿಯವರ ಹೆಸರು ನಮ್ಮ ಶಾಲೆ ಮಕ್ಕಳಿಗೆ ಯಾಕೆ ಗೊತ್ತಿಲ್ಲವೋ. ಇಲ್ಲಿ ಸರಿಯಾಗಿ ಓವರ್‌ಹಾಲ್ ಆದ ಮೊದಲ ಆರು ಲಿಬರೇಟರ್‌ಗಳು 1948ರ ನವೆಂಬರ್‌ನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಸೇರಿದವು.

ಆ ಸ್ಕ್ವಾಡ್ರನ್‌ಗೆ 1957ರಲ್ಲಿ ಕ್ಯಾನ್‌ಬೆರಾ ಜೆಟ್ ಬಂತು. 6ನೇ ಸ್ಕ್ವಾಡ್ರನ್ ಮಾತ್ರ ಸಮುದ್ರದ ಮೇಲೆ ಕಣ್ಣಿಡಲು ಲಿಬರೇಟರನ್ನು 1968ರ ಕೊನೆಯವರೆಗೂ ಹಾರಿಸಿತು. ಅಟ್ಲಾಂಟಿಕ್‌ನಲ್ಲಿ ಹೆಸರು ಮಾಡಿದ ಅದೇ ಕೆಲಸ, ಈ ಸಲ ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿಯ ಮೇಲೆ. ಅಷ್ಟರಲ್ಲಿ ಬೇರೆ ದೇಶಗಳ ವಾಯುಪಡೆಗಳಲ್ಲಿ ಲಿಬರೇಟರ್ ಉಳಿದಿರಲಿಲ್ಲ.

ಆಗ ಮ್ಯೂಸಿಯಂಗಳು ಎಚ್ಚೆತ್ತವು. ಬ್ರಿಟನ್, ಕೆನಡಾ, ಅಮೆರಿಕ ಮೂರೂ ಭಾರತದ ಕಡೆ ತಿರುಗಿದವು. 1969ರಲ್ಲಿ ಒಂದು ಲಿಬರೇಟರ್ ಭಾರತದಿಂದ ಅರಿಜೋನಾಕ್ಕೇ ಹಾರಿ ಹೋಯಿತು, ಈಗ ಅಲ್ಲಿನ ಪೀಮಾ ಮ್ಯೂಸಿಯಂನಲ್ಲಿದೆ. 1944ರಲ್ಲಿ ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ತಯಾರಾಗಿ, ಭಾರತದಲ್ಲಿ ದುಡಿದ ಇನ್ನೊಂದು ಲಿಬರೇಟರನ್ನು ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಮರಳಿ ಹಾರುವ ಸ್ಥಿತಿಗೆ ತಂದಿತು. ಹೀಗೆ ಹಾರುವ ಸ್ಥಿತಿಗೆ ಬಂದ ಲಿಬರೇಟರ್‌ಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು.

ಇವೆರಡಕ್ಕೂ ಅಮೆರಿಕದ ಯುದ್ಧಕಾಲದ ಬಣ್ಣವನ್ನೇ ಬಳಿದಿದ್ದಾರೆ, ಅಂದಿನ ಪ್ರಸಿದ್ಧ ಬಾಂಬರ್‌ಗಳ ಹೆಸರಿಟ್ಟಿದ್ದಾರೆ. ಅವರ ವಿಮಾನ, ಅವರ ಇಷ್ಟ, ಅಲ್ವಾ? ಭಾರತದ ಗುರುತಿನಲ್ಲೇ ಇರುವ ಲಿಬರೇಟರ್ ನೋಡಬೇಕೆಂದರೆ ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ಮ್ಯೂಸಿಯಂಗೆ ಹೋಗಬಹುದು.