ಸಾವಿರ ದಾಟಿದರೂ ರಾಸೊ ನೆಲಗುಬ್ಬಿಗೆ ಅಪಾಯ ತಪ್ಪಿಲ್ಲ ಅನ್ನೋದೇಕೆ?

ಓದುಗರ ಪ್ರಶ್ನೆ: ಕೇಪ್ ವರ್ಡ್ ದೇಶದ ರಾಸೊ ದ್ವೀಪದ ನೆಲಗುಬ್ಬಿಗಳು ಒಂದು ಕಾಲಕ್ಕೆ 60 ಕೂಡ ಇರಲಿಲ್ಲವಂತೆ. ಆಮೇಲೆ 1,500ರ ಹತ್ತಿರ ಹೋದವಂತೆ. ಇಷ್ಟು ಹೆಚ್ಚಿದ ಮೇಲೂ ಈ ಹಕ್ಕಿಯನ್ನು ಅಳಿವಿನ ಭೀತಿಯ ಜೀವಿಗಳ ಕೆಂಪು ಪಟ್ಟಿಯ ಅತಿ ಗಂಭೀರ ದರ್ಜೆಯಲ್ಲೇ ಇಟ್ಟಿದ್ದು ಏಕೆ?

ಉತ್ತರ: ಹಕ್ಕಿ ಹೆಚ್ಚಿದ್ದು ನಿಜ. ಆದರೆ ಅದನ್ನು ಹೆಚ್ಚಿಸಿದ್ದು ಮಳೆ. ಮಳೆ ಕೈಕೊಟ್ಟರೆ ಅದೇ ಸಂಖ್ಯೆ ಮತ್ತೆ ಇಳಿಯುತ್ತದೆ. ಪ್ರಶ್ನೆಗೆ ಚಿಕ್ಕ ಉತ್ತರ ಇಷ್ಟೇ. ಆದರೆ ಈ ಹಕ್ಕಿಯ ಬದುಕು ಗೊತ್ತಾದರೆ ಆ ಇಳಿತ ಎಂಥದ್ದು ಅಂತ ಅರ್ಥವಾಗುತ್ತದೆ.

ರಾಸೊ ಇರುವುದು ಆಫ್ರಿಕಾದ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದಲ್ಲಿ. ಇಡೀ ದ್ವೀಪ ಸುಮಾರು 7 ಚದರ ಕಿಲೋಮೀಟರ್. ಜನವಸತಿ ಇಲ್ಲ, ಕಲ್ಲು ಮತ್ತು ಒಣನೆಲವೇ ಜಾಸ್ತಿ. ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಒಂದಿಷ್ಟು ಮಳೆ ಬಿದ್ದರೆ ಬಂತು, ಕೆಲವು ವರ್ಷ ಅದೂ ಇಲ್ಲ. ಹಕ್ಕಿ ನೋಡಲು ತೀರಾ ಸಾದಾ. ಬೂದು ಕಂದು ಮೈ, ಅದರ ಮೇಲೆ ಗೆರೆ ಗೆರೆ. ನಮಗೆ ಹಾಡಿನಿಂದ ಗೊತ್ತಿರುವ ಬಾನಾಡಿ, ಅಂದರೆ ಸ್ಕೈಲಾರ್ಕ್, ಅದರ ಹತ್ತಿರದ ನೆಂಟ ಇದು. ಗೂಡು ಕಟ್ಟುವುದು ನೆಲದ ಮೇಲೆ, ಅದೂ ಮಳೆ ಬಂದ ಮೇಲೆ. ಮಳೆ ಬಂದರೆ ಹುಲ್ಲು, ಹುಲ್ಲಿನ ಬೀಜ, ಹುಳುಹುಪ್ಪಟೆ. ಆಗ ಮೊಟ್ಟೆ, ಮರಿ. ಮಳೆ ಬಾರದಿದ್ದರೆ ಆ ವರ್ಷ ಮರಿಯ ಆಸೆ ಬಿಟ್ಟಂತೆಯೇ. ಇಟ್ಟ ಮೊಟ್ಟೆಗಳಲ್ಲೂ ಎಷ್ಟೋ ಅಲ್ಲಿನ ದೊಡ್ಡ ಹಲ್ಲಿಗಳ ಹೊಟ್ಟೆ ಸೇರುತ್ತವೆ.

ಬರಗಾಲದಲ್ಲಿ ಇವು ತಿನ್ನುವುದೇನು? ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ ವಿಷಯ. ದ್ವೀಪದ ಮರಳುನೆಲದಲ್ಲಿ ಕೊನ್ನಾರಿಯ ಜಾತಿಯ ಒಂದು ಹುಲ್ಲು ಬೆಳೆಯುತ್ತದೆ. ಮೇಲಿನ ಹುಲ್ಲು ಒಣಗಿ ಹೋದರೂ ಕೆಳಗೆ ಪುಟ್ಟ ಗಡ್ಡೆ ಉಳಿದಿರುತ್ತದೆ. ಗಂಡುಹಕ್ಕಿ ಕೊಕ್ಕಿನಿಂದ ಮರಳು ಚೆಲ್ಲುತ್ತಾ ತೂತು ಕೊರೆದು, ತಲೆ ಒಳಗೆ ತೂರಿಸಿ ಆ ಗಡ್ಡೆ ಕೀಳುತ್ತದೆ. ಕಷ್ಟಪಟ್ಟು ತೋಡಿದ ತೂತನ್ನು ಕಾಯುತ್ತಾ ನಿಲ್ಲುತ್ತದೆ, ಬೇರೆ ಹಕ್ಕಿ ಹತ್ತಿರ ಬಂದರೆ ಓಡಿಸುತ್ತದೆ. ಗಂಡಿನ ಕೊಕ್ಕು ಹೆಣ್ಣಿನ ಕೊಕ್ಕಿಗಿಂತ ಸುಮಾರು ಐದನೇ ಒಂದು ಭಾಗದಷ್ಟು ಉದ್ದ. ಇಷ್ಟು ಚಿಕ್ಕ ಹಕ್ಕಿಯಲ್ಲಿ ಇದು ದೊಡ್ಡ ವ್ಯತ್ಯಾಸವೇ. ಹೆಣ್ಣಿನ ಗಿಡ್ಡ ಕೊಕ್ಕು ಈ ಕೆಲಸಕ್ಕೆ ಅಷ್ಟಾಗಿ ಸಾಲುವುದಿಲ್ಲ. ಅದು ಹೆಚ್ಚಾಗಿ ನೆಲದ ಮೇಲೆ ಸಿಕ್ಕಿದ್ದನ್ನು ಹೆಕ್ಕಿಕೊಂಡೇ ಹೊಟ್ಟೆ ಹೊರೆಯಬೇಕು.

ಹಾಗಾಗಿ ಬರ ಬಂದರೆ ಹೆಚ್ಚು ಸಾಯುವುದು ಹೆಣ್ಣು. ಹಕ್ಕಿಗಳು ತೀರಾ ಕಡಿಮೆ ಇದ್ದ ವರ್ಷಗಳಲ್ಲಿ ಮೂರರಲ್ಲಿ ಎರಡರಷ್ಟು ಗಂಡೇ ಇದ್ದವು ಅಂತ ಎಣಿಸಿದವರು ಹೇಳಿದ್ದಾರೆ. ಅಂದರೆ 60 ಹಕ್ಕಿ ಅಂದಾಗ ಅದು 30 ಜೋಡಿ ಅಲ್ಲ. ಮೊಟ್ಟೆ ಇಡುವ ಹೆಣ್ಣು ಇಪ್ಪತ್ತರ ಆಸುಪಾಸು, ಅಷ್ಟೇ. ಒಂದಿಡೀ ಜಾತಿ ಅಷ್ಟರ ಮೇಲೆ ನಿಂತಿತ್ತು. 2004ರಲ್ಲಿ ಪರಿಸ್ಥಿತಿ ಅಲ್ಲಿಗೆ ಮುಟ್ಟಿತ್ತು. ಆಮೇಲೆ ಒಳ್ಳೆ ಮಳೆಗಳಾದವು, ಹಕ್ಕಿಯೂ ಏರುತ್ತಾ ಹೋಯಿತು.

ಈಗ ಪಟ್ಟಿಯ ವಿಚಾರ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಕೆಂಪು ಪಟ್ಟಿ ಮಾಡುವಾಗ ಬರೀ ತಲೆ ಎಣಿಸುವುದಿಲ್ಲ. ಒಂದು ಜಾತಿ ನಾಳೆ ಇಲ್ಲವಾಗುವ ಸಂಭವ ಎಷ್ಟು ಅಂತ ನೋಡುತ್ತದೆ. ಅದಕ್ಕೆ ಹಲವು ಅಳತೆಗಳಿವೆ, ಯಾವುದಾದರೂ ಒಂದರಲ್ಲಿ ಸಿಕ್ಕಿಬಿದ್ದರೆ ಸಾಕು. ಅದರಲ್ಲೊಂದು, ಜಾಗದ ಅಳತೆ. ಅತಿ ಗಂಭೀರ ದರ್ಜೆಗೆ ಸೇರಲು ಹಕ್ಕಿ ಹರಡಿರುವ ಪ್ರದೇಶ 100 ಚದರ ಕಿಲೋಮೀಟರಿಗಿಂತ ಕಡಿಮೆ ಇರಬೇಕು. ಜೊತೆಗೆ ಇನ್ನೆರಡು ಲಕ್ಷಣ ಸೇರಬೇಕು. ಎಲ್ಲಾ ಹಕ್ಕಿಗಳೂ ಒಂದೇ ತಾಣದಲ್ಲಿರುವುದು ಒಂದು ಲಕ್ಷಣ. ಸಂಖ್ಯೆ ವಿಪರೀತ ಏರಿಳಿಯುವುದು ಇನ್ನೊಂದು. ಸಾಮಾನ್ಯವಾಗಿ ಹತ್ತು ಪಟ್ಟು ಏರಿಳಿತ ಇದ್ದರೆ ವಿಪರೀತ ಅನ್ನುತ್ತಾರೆ. ನಮ್ಮ ನೆಲಗುಬ್ಬಿಯದ್ದು ಇಪ್ಪತ್ತು ಪಟ್ಟಿಗೂ ಜಾಸ್ತಿ! ಅಂದರೆ ಅದು 60ರಿಂದ 1,500ಕ್ಕೆ ಜಿಗಿದದ್ದು ನೆಮ್ಮದಿಯ ಸುದ್ದಿ ಅಂತ ನಮಗೆ ಕಂಡರೆ, ಪಟ್ಟಿ ಮಾಡುವವರ ಲೆಕ್ಕದಲ್ಲಿ ಆ ಜಿಗಿತವೇ ಅಪಾಯದ ಗುರುತು. ಇದು ಸರಿಯಾದ ಲೆಕ್ಕ ಅಂತಲೇ ನನ್ನ ಅಭಿಪ್ರಾಯ.

ಒಂದೇ ತಾಣ ಅನ್ನುವುದನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ರಾಸೊದಲ್ಲಿ ಬೆಕ್ಕಿಲ್ಲ, ಇಲಿ ಇಲ್ಲ. ಈ ಹಕ್ಕಿ ಉಳಿದಿರುವುದೇ ಅದರಿಂದ. ಹಿಂದೆ ಅದು ಸಾಂತಾ ಲುಜಿಯಾ, ಸಾವ್ ವಿಸೆಂಟೆ, ಸಾಂತೊ ಆಂತಾವ್ ದ್ವೀಪಗಳಲ್ಲೂ ಇತ್ತು ಅನ್ನುವುದಕ್ಕೆ ಅಲ್ಲಿ ಸಿಕ್ಕ ಹಳೆಯ ಮೂಳೆಗಳೇ ಸಾಕ್ಷಿ. 15ನೇ ಶತಮಾನದಲ್ಲಿ ಜನ ಬಂದು ನೆಲೆಸಿದರು, ಜೊತೆಗೆ ಬೆಕ್ಕು, ನಾಯಿ, ಇಲಿ ಬಂದವು. ನೆಲದಲ್ಲಿ ಗೂಡು ಕಟ್ಟುವ, ಯಾರಿಗೂ ಹೆದರಿ ಅಭ್ಯಾಸವಿಲ್ಲದ ಹಕ್ಕಿ ಅಲ್ಲೆಲ್ಲ ಇಲ್ಲವಾಯಿತು. ಇಂದಿಗೂ ಒಂದು ದೋಣಿಯಲ್ಲಿ ಬಸುರಿ ಇಲಿಯೊಂದು ಬಂದು ರಾಸೊದಲ್ಲಿ ಇಳಿದರೆ ಸಾಕು. ಆಗ ಹಕ್ಕಿ 60 ಇದ್ದರೇನು, 1,500 ಇದ್ದರೇನು?

ಅದಕ್ಕೇ ಇನ್ನೊಂದು ಮನೆ ಹುಡುಕುವ ಕೆಲಸ ನಡೆಯಿತು. ಒಂದು ಕಾಲದಲ್ಲಿ ಹಕ್ಕಿ ಇದ್ದ ಸಾಂತಾ ಲುಜಿಯಾವನ್ನೇ ಆರಿಸಿಕೊಂಡರು. ಅಲ್ಲಿಯೂ ಜನವಸತಿ ಇಲ್ಲ. ದ್ವೀಪ ಸುಮಾರು 35 ಚದರ ಕಿಲೋಮೀಟರ್, ಅಂದರೆ ರಾಸೊದ ಐದು ಪಟ್ಟು. ಅಲ್ಲಿ ಕಾಡುಪಾಲಾಗಿದ್ದ ಸಾಕುಬೆಕ್ಕುಗಳನ್ನು ತೆಗೆಯುವ ಕೆಲಸ ಕೈಗೆತ್ತಿಕೊಂಡರು. ಕೇಪ್ ವರ್ಡ್‌ನದೇ ಆದ ಬಿಯೋಸ್ಫೇರಾ ಅನ್ನುವ ಪರಿಸರ ಸಂಸ್ಥೆ ಮತ್ತು ಹೊರಗಿನ ಪಕ್ಷಿತಜ್ಞರು ಸೇರಿ, 2018ರಲ್ಲಿ 37 ಹಕ್ಕಿಗಳನ್ನು ರಾಸೊದಲ್ಲಿ ಹಿಡಿದು ದೋಣಿಯಲ್ಲಿ ಸಾಗಿಸಿ ಅಲ್ಲಿ ಬಿಟ್ಟರು. ಮರುವರ್ಷ ಇನ್ನಷ್ಟು ಹಕ್ಕಿಗಳನ್ನು ಒಯ್ದರು. ನೋಡಿ, ಮಳೆಯಿಂದ ಹೆಚ್ಚಿದ ಹಕ್ಕಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಇಲ್ಲಿ. ರಾಸೊದಲ್ಲಿ ಬರೀ 60 ಇದ್ದ ಕಾಲದಲ್ಲಿ 37 ಹಕ್ಕಿ ಎತ್ತಿಕೊಂಡು ಹೋಗುವ ಮಾತೇ ಇರಲಿಲ್ಲ ಅಲ್ವಾ? ಸಾಂತಾ ಲುಜಿಯಾಕ್ಕೆ ಹೋದ ಹಕ್ಕಿಗಳು ಅಲ್ಲಿ ಗೂಡು ಕಟ್ಟಿ ಮರಿಯನ್ನೂ ಮಾಡಿದವು. ಮುಂದೆ ದೊಡ್ಡ ಬರ ಬಂದು, ಅದನ್ನು ದಾಟಿ ಅಲ್ಲಿ ಸಾಕಷ್ಟು ಹೆಣ್ಣುಹಕ್ಕಿ ಉಳಿದರೆ, ಆಗ ಒಂದೇ ತಾಣ ಅನ್ನುವ ಮಾತನ್ನು ಈ ಹಕ್ಕಿಯ ಹೆಸರಿನ ಮುಂದಿನಿಂದ ಅಳಿಸಬಹುದು.