ಗಾಳದ ನಿಷೇಧ: ಮೀನಿನಿಂದ ದಾರದವರೆಗೆ

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ, ಸರೋವರದ ನೀರು ನದಿಯಾಗಿ ಹೊರಬೀಳುವ ಕಡೆ, ಮರದ ಸೇತುವೆಯೊಂದಿದೆ. ಅದರ ಹೆಸರು ಫಿಶಿಂಗ್ ಬ್ರಿಡ್ಜ್, ಅಂದರೆ ಮೀನು ಹಿಡಿಯುವ ಸೇತುವೆ. 1902ರಲ್ಲಿ ಮೊದಲು ಕಟ್ಟಿ 1937ರಲ್ಲಿ ಹೊಸದಾಗಿ ನಿಲ್ಲಿಸಿದ ಈ ಸೇತುವೆಯ ಮೇಲೆ ಒಂದು ಕಾಲದಲ್ಲಿ ಜನ ಹೆಗಲಿಗೆ ಹೆಗಲು ತಾಗಿಸಿ ನಿಂತು ಗಾಳ ಇಳಿಬಿಡುತ್ತಿದ್ದರು. ಅಲ್ಲಿಯ ಕಟ್‌ಥ್ರೋಟ್ ಟ್ರೌಟ್ ಮೀನುಗಳು ಮೊಟ್ಟೆಯಿಡಲು ಬರುತ್ತಿದ್ದುದೂ ಅದೇ ಸೇತುವೆಯ ಕೆಳಗೆ. ಮೀನಿನ ಸಂಖ್ಯೆ ಇಳಿಯುತ್ತ ಬಂದು, 1973ರಲ್ಲಿ ಸೇತುವೆಯ ಮೇಲೆ ಗಾಳ ಹಾಕುವುದನ್ನು ನಿಲ್ಲಿಸಲಾಯಿತು. ಈಗ ಜನ ಅಲ್ಲಿ ಕಟಕಟೆಗೆ ಒರಗಿ ಮೀನು ನೋಡುತ್ತಾರೆ.

ಅದೇ ಸರೋವರದಲ್ಲಿ 1994ರಲ್ಲಿ ಲೇಕ್ ಟ್ರೌಟ್ ಎಂಬ ಹೊರಗಿನ ಮೀನು ಪತ್ತೆಯಾಯಿತು. ಅದು ಸ್ಥಳೀಯ ಮೀನನ್ನು ತಿಂದು ಬೆಳೆಯುವ ಜಾತಿ. ಹಾಗಾಗಿ ಅದನ್ನು ಹಿಡಿದವರು ಜೀವಂತವಾಗಿ ನೀರಿಗೆ ಮರಳಿ ಬಿಡುವಂತಿಲ್ಲ ಎಂಬ ನಿಯಮ ಬಂತು. ಅಂದರೆ ಒಂದೇ ಸರೋವರದ ನೀರು: ಸೇತುವೆಯ ಮೇಲೆ ಗಾಳ ನಿಷಿದ್ಧ, ಸರೋವರದ ನಡುವೆ ಗಾಳವೇ ಸಂರಕ್ಷಣೆಯ ಸಾಧನ.

ಸಂರಕ್ಷಿತ ಸರೋವರಗಳಲ್ಲಿ ಮೀನು ಹಿಡಿಯುವುದರ ಬಗ್ಗೆ ಇಂದು ನಡೆಯುತ್ತಿರುವ ವಾದವನ್ನು ಕೇಳುವಾಗ ಈ ಸೇತುವೆಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಗಾಳ ಹಾಕುವವರು ದಂಡೆಯಲ್ಲಿ ಕಸ ಬಿಡುತ್ತಾರೆ, ಆದ್ದರಿಂದ ಸರೋವರವನ್ನೇ ಮುಚ್ಚಿ ಎನ್ನುವವರು ಒಂದು ಕಡೆ. ನಾವಿಲ್ಲದಿದ್ದರೆ ನೀರನ್ನು ಕಾಯುವವರೇ ಇರುವುದಿಲ್ಲ ಎನ್ನುವ ಹವ್ಯಾಸಿಗಳು ಇನ್ನೊಂದು ಕಡೆ. ಇಬ್ಬರೂ ‘ನಿಷೇಧ’ ಎಂಬ ಒಂದೇ ಪದ ಬಳಸುತ್ತಾರೆ, ಆದರೆ ಆ ಪದದೊಳಗೆ ಬೇರೆ ಬೇರೆ ಕಾಲದಲ್ಲಿ ಹುಟ್ಟಿದ ಮೂರು ಕಾಳಜಿಗಳು ಸೇರಿಕೊಂಡಿವೆ: ಮೀನು ಉಳಿಯಬೇಕು, ಹಕ್ಕಿ ಸಾಯಬಾರದು, ದಂಡೆ ಹೊಲಸಾಗಬಾರದು. ಒಂದಕ್ಕೆ ಕಂಡುಕೊಂಡ ಮದ್ದನ್ನು ಇನ್ನೊಂದಕ್ಕೆ ಹಚ್ಚಿದ್ದರಿಂದ ಗೊಂದಲ ಬೆಳೆದಿದೆ.

ಮೊದಲನೆಯದು ಬಹಳ ಹಳೆಯದು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕ ತನ್ನ ಐದನೆಯ ಸ್ತಂಭಶಾಸನದಲ್ಲಿ ಹುಣ್ಣಿಮೆ, ಅಮಾವಾಸ್ಯೆ, ಉಪವಾಸದಂಥ ಗೊತ್ತುಪಡಿಸಿದ ದಿನಗಳಂದು ಮೀನು ಕೊಲ್ಲಬಾರದು, ಮಾರಬಾರದು ಎಂದು ಕೆತ್ತಿಸಿದ. ಅಲ್ಲಿಂದ ಇಪ್ಪತ್ತನೆಯ ಶತಮಾನದವರೆಗೆ ನಿಯಮಗಳ ಜಾಡು ಹೆಚ್ಚುಕಡಿಮೆ ಒಂದೇ: ಇಂಥ ತಿಂಗಳು ಹಿಡಿಯಬೇಡಿ, ಇಷ್ಟು ಉದ್ದಕ್ಕಿಂತ ಚಿಕ್ಕದನ್ನು ಬಿಟ್ಟುಬಿಡಿ, ಇಷ್ಟಕ್ಕಿಂತ ಹೆಚ್ಚು ಒಯ್ಯಬೇಡಿ, ಪರವಾನಗಿ ಪಡೆಯಿರಿ. 1971ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ ಜೌಗು ಪ್ರದೇಶಗಳ ಒಪ್ಪಂದಕ್ಕೆ ಸಹಿ ಬಿದ್ದಾಗಲೂ ಅದು ಮೀನುಗಾರಿಕೆಯನ್ನು ನಿಷೇಧಿಸಲಿಲ್ಲ. ‘ವಿವೇಕದ ಬಳಕೆ’ ಎಂಬ ಮಾತನ್ನು ಮುಂದಿಟ್ಟು, ಉಳಿದದ್ದನ್ನು ಆಯಾ ದೇಶಗಳಿಗೆ ಬಿಟ್ಟಿತು. ರಾಮ್ಸರ್ ಪಟ್ಟಿಗೆ ಸೇರಿದ ಕೂಡಲೇ ಗಾಳ ಬಂದ್ ಎಂದು ತಿಳಿಯುವವರು ಇಂದಿಗೂ ಇದ್ದಾರೆ. ಅದು ತಪ್ಪು ತಿಳಿವಳಿಕೆ.

ಇಷ್ಟು ದೀರ್ಘ ಕಾಲ ಕಸದ ಮಾತು ಏಕೆ ಬರಲಿಲ್ಲ? ಗಾಳ ಹಾಕುವವರು ಆಗ ಹೆಚ್ಚು ಸಭ್ಯರಾಗಿದ್ದರೆಂದು ಅಲ್ಲ. ಅವರು ಬಿಟ್ಟುಹೋದದ್ದು ಕೊಳೆಯುತ್ತಿತ್ತು. ದಾರ ಎಂದರೆ ಕುದುರೆಯ ಬಾಲದ ಕೂದಲು, ರೇಷ್ಮೆ, ನಾರು, ಹತ್ತಿ. ಬೆಂಡು ನಿಜವಾಗಿಯೂ ಬೆಂಡೇ. ನೀರಿನಲ್ಲಿ ಬಿಟ್ಟ ರೇಷ್ಮೆ ದಾರ ಬೇಗ ಹಾಳಾಗುತ್ತದೆಂದು ಅದನ್ನು ಪ್ರತಿ ಸಲವೂ ಬಿಚ್ಚಿ ಒಣಗಿಸಿಡುತ್ತಿದ್ದರು. 1935ರಲ್ಲಿ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ನೈಲಾನ್ ಹುಟ್ಟಿತು, 1938ರಲ್ಲಿ ಜಗತ್ತಿಗೆ ತಿಳಿಯಿತು, ಎರಡನೆಯ ಮಹಾಯುದ್ಧದ ನಂತರ ಒಂಟಿ ಎಳೆಯ ನೈಲಾನ್ ದಾರ ಎಲ್ಲರ ಗಾಳಕ್ಕೂ ಬಂತು. ಅಗ್ಗ, ಗಟ್ಟಿ, ಮೀನಿನ ಕಣ್ಣಿಗೆ ಕಾಣದಷ್ಟು ಪಾರದರ್ಶಕ. ಒಣಗಿಸುವ ಗೊಡವೆಯಿಲ್ಲ, ಸಿಕ್ಕುಬಿದ್ದರೆ ಬಿಡಿಸುವ ತಾಳ್ಮೆಯೂ ಬೇಕಿಲ್ಲ. ಕತ್ತರಿಸಿ ಎಸೆದು ಹೊಸದನ್ನು ಸುತ್ತಿಕೊಂಡರಾಯಿತು.

ಆದರೆ ಮೊದಲು ಜನರನ್ನು ಬೆಚ್ಚಿಬೀಳಿಸಿದ್ದು ದಾರವಲ್ಲ, ಸೀಸ. ಈ ಇಡೀ ಚರಿತ್ರೆಯಲ್ಲಿ ನಿಧಾನವಾಗಿ ಓದಬೇಕಾದ ಅಧ್ಯಾಯವೂ ಇದೇ.

ಗಾಳವನ್ನು ನೀರಿನಲ್ಲಿ ಮುಳುಗಿಸಲು ದಾರಕ್ಕೆ ಸೀಸದ ಪುಟ್ಟ ಗುಂಡುಗಳನ್ನು ಕಚ್ಚಿಸುತ್ತಿದ್ದರು. ಪ್ರತಿ ಗುಂಡಿನಲ್ಲೂ ಒಂದು ಸೀಳು. ದಾರವನ್ನು ಅದರೊಳಗೆ ಇಟ್ಟು ಹಲ್ಲಿನಿಂದಲೇ ಅದುಮುವ ರೂಢಿ. ಕಾಳಿನಷ್ಟು ಚಿಕ್ಕವು, ತೀರಾ ಅಗ್ಗ. ಡಬ್ಬಿಯಿಂದ ಹತ್ತು ಉದುರಿದರೆ ಯಾರೂ ಹುಡುಕುತ್ತಿರಲಿಲ್ಲ. ಇಂಗ್ಲೆಂಡಿನ ನದಿ, ಸರೋವರಗಳ ದಂಡೆಯ ಕೆಸರಿನಲ್ಲಿ ಹೀಗೆ ವರ್ಷದಿಂದ ವರ್ಷಕ್ಕೆ ಅವು ಸೇರುತ್ತ ಹೋದವು.

ಹಂಸಗಳಿಗೆ ಹಲ್ಲಿಲ್ಲ. ತಿಂದದ್ದನ್ನು ಅರೆಯಲು ಅವು ಸಣ್ಣ ಹರಳುಗಳನ್ನು ನುಂಗುತ್ತವೆ. ಹೊಟ್ಟೆಯ ಬಲವಾದ ಸ್ನಾಯುಚೀಲದೊಳಗೆ ಆ ಹರಳುಗಳೇ ಬೀಸುವ ಕಲ್ಲಿನ ಕೆಲಸ ಮಾಡುತ್ತವೆ. ಕೆಸರಿನಲ್ಲಿ ಕೊಕ್ಕು ಆಡಿಸಿ ಹರಳು ಹೆಕ್ಕುವ ಹಂಸಕ್ಕೆ ಸೀಸದ ಗುಂಡೂ ಒಂದು ಹರಳು. ಒಳಗೆ ಹೋದ ಗುಂಡು ಅರೆದು ಅರೆದು ಸವೆಯುತ್ತದೆ, ಸೀಸ ರಕ್ತಕ್ಕೆ ಸೇರುತ್ತದೆ, ಸ್ನಾಯುಗಳು ಸೋಲುತ್ತವೆ. ನೆಟ್ಟಗೆ ನಿಲ್ಲಬೇಕಾದ ಕುತ್ತಿಗೆ ಬುಡದಲ್ಲೇ ಮಡಚಿಕೊಂಡು ಬೆನ್ನ ಮೇಲೆ ಒರಗುತ್ತದೆ. ತಿಂದದ್ದು ಕೆಳಗಿಳಿಯುವುದಿಲ್ಲ. ಗಂಟಲ ತುಂಬ ಆಹಾರವಿದ್ದೂ ಹಕ್ಕಿ ಉಪವಾಸ ಸಾಯುತ್ತದೆ.

1970ರ ದಶಕದಲ್ಲಿ ಏವನ್ ನದಿಯ ದಂಡೆಯ ಸ್ಟ್ರಾಟ್‌ಫರ್ಡ್‌ನಲ್ಲಿ, ಥೇಮ್ಸ್ ನದಿಯ ಉದ್ದಕ್ಕೂ, ಹಂಸಗಳು ಕಾಣೆಯಾಗತೊಡಗಿದವು. ಥೇಮ್ಸ್‌ನಲ್ಲಿ ಪ್ರತಿ ಬೇಸಿಗೆಯಲ್ಲೂ ಹಂಸಗಳನ್ನು ಎಣಿಸುವ ಶತಮಾನಗಳ ಸಂಪ್ರದಾಯ ಇದ್ದುದರಿಂದ ಇಳಿಕೆಯನ್ನು ಅಲ್ಲಗಳೆಯುವಂತಿರಲಿಲ್ಲ. ಸತ್ತ ಹಕ್ಕಿಗಳ ಹೊಟ್ಟೆ ಸೀಳಿ ನೋಡಿದಾಗ ಗುಂಡುಗಳು ಸಿಕ್ಕವು. 1981ರಲ್ಲಿ ಅಲ್ಲಿನ ಸರ್ಕಾರಿ ನಿಸರ್ಗ ಸಂರಕ್ಷಣಾ ಮಂಡಳಿಯಾದ ನೇಚರ್ ಕನ್ಸರ್ವೆನ್ಸಿ ಕೌನ್ಸಿಲ್ ವರದಿ ಕೊಟ್ಟು, ಐದು ವರ್ಷದೊಳಗೆ ಸೀಸದ ಬಳಕೆ ನಿಲ್ಲಬೇಕೆಂದಿತು. ಮೊದಲು ಹವ್ಯಾಸಿಗಳು ತಾವಾಗಿಯೇ ಬಿಡಲಿ ಎಂದು ಕಾದದ್ದೂ ಆಯಿತು. ಅದು ಸಾಲದೆ ಹೋದಾಗ ಕಾನೂನು ಬಂತು: 1987ರ ಜನವರಿ 1ರಿಂದ 0.06 ಗ್ರಾಂನಿಂದ 28.35 ಗ್ರಾಂವರೆಗಿನ ಸೀಸದ ಗಾಳದ ಗುಂಡುಗಳನ್ನು ಮಾರುವಂತಿಲ್ಲ, ಆಮದು ಮಾಡುವಂತಿಲ್ಲ.

ಹಂಸಗಳು ಮರಳಿ ಬಂದವು. ಒಮ್ಮೆಲೇ ಅಲ್ಲ, ಏಕೆಂದರೆ ಹಳೆಯ ಗುಂಡುಗಳು ಕೆಸರಿನಲ್ಲೇ ಉಳಿದಿದ್ದವು. ನಿಷೇಧದ ನಂತರವೂ ಬಹಳ ವರ್ಷ ಅವು ಹಕ್ಕಿಗಳನ್ನು ಕೊಂದವು. ಆದರೂ ಸಂಖ್ಯೆ ಏರಿತು. ಟಂಗ್‌ಸ್ಟನ್, ತವರದ ಗುಂಡುಗಳಿಗೆ ಬೆಲೆ ಹೆಚ್ಚು ಎಂದು ಗೊಣಗಿದವರೂ ಕ್ರಮೇಣ ಅವುಗಳಿಗೆ ಹೊಂದಿಕೊಂಡರು.

ಈ ಕಾನೂನು ಒಂದೇ ಒಂದು ಸರೋವರವನ್ನೂ ಮುಚ್ಚಲಿಲ್ಲ ಎಂಬುದನ್ನು ಗಮನಿಸಬೇಕು. ಗಾಳ ಹಾಕುವ ಯಾರನ್ನೂ ದಂಡೆಯಿಂದ ಓಡಿಸಲಿಲ್ಲ. ಅಂಗಡಿಯ ಕಪಾಟಿನಿಂದ ಒಂದು ವಸ್ತುವನ್ನು ತೆಗೆಯಿತು, ಅಷ್ಟೆ. ಬೇರೆಯವರೂ ಇದೇ ದಾರಿ ಹಿಡಿದರು. ಯೆಲ್ಲೋಸ್ಟೋನ್ 1994ರಲ್ಲಿ ಸೀಸದ ಸಾಮಗ್ರಿಯನ್ನು ಹೊರಗಿಟ್ಟಿತು. ಕೆನಡಾ 1997ರಲ್ಲಿ ತನ್ನ ರಾಷ್ಟ್ರೀಯ ಉದ್ಯಾನಗಳಲ್ಲಿ 50 ಗ್ರಾಂಗಿಂತ ಹಗುರವಾದ ಸೀಸದ ಗುಂಡುಗಳನ್ನು ತಡೆಯಿತು. ಲೂನ್ ಎಂಬ ಮುಳುಗುಹಕ್ಕಿಯ ಸಾವುಗಳನ್ನು ಕಂಡು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯ 2000ದಲ್ಲಿ ನಿರ್ಬಂಧ ತಂದಿತು. ಡೆನ್ಮಾರ್ಕ್ 2002ರಲ್ಲಿ ತಂದಿತು.

ದಾರದ ವಿಷಯದಲ್ಲಿ ಹೀಗಾಗಲಿಲ್ಲ. ಕುಡಿದು ಬಿಸಾಡಿದ ಬಾಟಲಿ, ತಿಂಡಿಯ ಪೊಟ್ಟಣ ಯಾರದೆಂದು ಹೇಳಲಾಗದು. ದಂಡೆಗೆ ಬರುವ ಯಾರದೂ ಆಗಿರಬಹುದು. ದಾರ, ಕೊಕ್ಕೆಗಳ ಬಗ್ಗೆ ಆ ಸಂಶಯವಿಲ್ಲ. ಆದರೆ ಎಲ್ಲವೂ ಬೇಕೆಂದೇ ಬಿಟ್ಟದ್ದೂ ಅಲ್ಲ. ನೀರಿನೊಳಗಿನ ಕೊರಡಿಗೆ, ದಂಡೆಯ ಕೊಂಬೆಗೆ ಸಿಕ್ಕಿ ತುಂಡಾದ ದಾರವನ್ನು ಎಷ್ಟೇ ಕಾಳಜಿಯುಳ್ಳವರೂ ಒಮ್ಮೊಮ್ಮೆ ಬಿಟ್ಟು ಬರಬೇಕಾಗುತ್ತದೆ. ಮೀನಿಗೆ ಕಾಣದಂತೆ ಮಾಡಿದ ದಾರ ಹಕ್ಕಿಗೂ ಕಾಣುವುದಿಲ್ಲ, ಕಸ ಹೆಕ್ಕಲು ಬಂದವರ ಕಣ್ಣಿಗೂ ಬೀಳುವುದಿಲ್ಲ. ಕಾಲಿಗೆ, ರೆಕ್ಕೆಗೆ ಸುತ್ತಿಕೊಂಡರೆ ಎಳೆದಷ್ಟೂ ಬಿಗಿಯುತ್ತದೆ. ಕೆಲವು ಹಕ್ಕಿಗಳು ಅದನ್ನು ಗೂಡಿಗೇ ಒಯ್ದು ಹಾಸುತ್ತವೆ, ಮರಿಗಳು ಅದರಲ್ಲಿ ಸಿಕ್ಕಿಬೀಳುತ್ತವೆ. ನೀರಿನಲ್ಲಿ ಅದರ ಆಯುಷ್ಯ 600 ವರ್ಷ ಎಂಬ ಅಂದಾಜು ಚಾಲ್ತಿಯಲ್ಲಿದೆ.

ಕಸವೆಂದು ಯಾರಿಗೂ ತೋರದ ಕಸವೂ ಇದೆ. ಉಳಿದ ಎರೆಹುಳುಗಳನ್ನು ದಂಡೆಯಲ್ಲಿ ಸುರಿದು ಬರುವುದು ದಯೆಯ ಕೆಲಸವೆಂದೇ ಬಹಳ ಜನ ನಂಬಿದ್ದರು. ಉತ್ತರ ಅಮೆರಿಕದ ಮಿನ್ನೆಸೋಟದಂಥ ಕಡೆ ಹಿಮಯುಗದ ನಂತರ ಎರೆಹುಳುಗಳೇ ಇರಲಿಲ್ಲ. ಸರೋವರದ ದಂಡೆಯಿಂದ ಹರಡಿದ ಹುಳುಗಳು ಕಾಡಿನ ನೆಲದ ತರಗೆಲೆಯ ಹೊದಿಕೆಯನ್ನು ತಿಂದು ಮುಗಿಸಿ, ಅದನ್ನೇ ನಂಬಿದ್ದ ಗಿಡಗಳು ಮೊಳೆಯದಂತೆ ಮಾಡಿದವು. ಇಂಗ್ಲೆಂಡಿನ ಬ್ಯಾಸೆಂತ್‌ವೇಟ್ ಸರೋವರಕ್ಕೆ ಗಾಳಕ್ಕೆ ಸಿಕ್ಕಿಸುವ ಜೀವಂತ ಎರೆಯಾಗಿ ತಂದ ಹೊರಗಿನ ಮೀನುಗಳು ಸೇರಿಕೊಂಡವು. ಕೆಸರು ತುಂಬಿ ಮೊದಲೇ ಸೊರಗಿದ್ದ ಅಪರೂಪದ ವೆಂಡೇಸ್ ಮೀನಿಗೆ ಇದು ಇನ್ನೊಂದು ಪೆಟ್ಟಾಗಿ, ಅದು ಅಲ್ಲಿಂದ ಬಹುತೇಕ ಕಣ್ಮರೆಯಾಯಿತು. 2002ರಲ್ಲಿ ಆ ಪ್ರದೇಶದ 14 ಸರೋವರಗಳಲ್ಲಿ ಸಿಹಿನೀರಿನ ಮೀನನ್ನು ಎರೆಯಾಗಿ ಬಳಸುವುದನ್ನು ನಿಷೇಧಿಸಲಾಯಿತು. ಅಲ್ಲಿಯೂ ಗಾಳ ನಿಲ್ಲಲಿಲ್ಲ, ಎರೆ ಮಾತ್ರ ಬದಲಾಯಿತು.

ಇವೆಲ್ಲ ಸೇರಿ ಮೂರನೆಯ ಕಾಳಜಿ ರೂಪುಗೊಂಡಿತು: ದಂಡೆ. ಇಲ್ಲಿಗೆ ಬಂದ ಮೇಲೆ ನಿಷೇಧದ ಸ್ವರೂಪ ಬದಲಾಗುತ್ತದೆ. ವಸ್ತುವನ್ನು ತಡೆಯುವ ಬದಲು ಮನುಷ್ಯರನ್ನು ತಡೆಯುವುದು ಆಡಳಿತಕ್ಕೆ ಸುಲಭ. ಒಂದು ಫಲಕ ನೆಟ್ಟರೆ ಸಾಕು. ಗೂಡು ಕಟ್ಟುವ ತಿಂಗಳುಗಳಲ್ಲಿ, ಜೊಂಡು ಬೆಳೆದ ಅಂಚುಗಳಲ್ಲಿ ಇಂಥ ಫಲಕ ಇರಲೇಬೇಕು. ಅಲ್ಲಿ ಮನುಷ್ಯರ ಹೆಜ್ಜೆಯೇ ತೊಂದರೆ. ಆದರೆ ಕಸಕ್ಕಾಗಿ ವರ್ಷವಿಡೀ ಮುಚ್ಚಿದ ಸರೋವರಕ್ಕೆ ಕಾವಲಿಲ್ಲದಿದ್ದರೆ, ನಿಯಮ ಪಾಲಿಸುವವರು ಮನೆಯಲ್ಲಿ ಉಳಿಯುತ್ತಾರೆ. ಕತ್ತಲಲ್ಲಿ ಬರುವವರು ಸಿಕ್ಕಿದ ದಾರವನ್ನು ಬಿಡಿಸುತ್ತ ಕೂರುವುದಿಲ್ಲ, ಕತ್ತರಿಸಿ ಹೋಗುತ್ತಾರೆ.

ಇನ್ನೊಂದು ಸಂಕಟವನ್ನು ಈ ಚರ್ಚೆ ಬಹಳ ಸಲ ಮರೆಯುತ್ತದೆ. ಹವ್ಯಾಸಕ್ಕೆ ಗಾಳ ಹಾಕುವವರೂ ಹೊಟ್ಟೆಪಾಡಿಗೆ ಬಲೆ ಬೀಸುವವರೂ ನಿಷೇಧದ ಭಾಷೆಯಲ್ಲಿ ಒಂದೇ ಆಗಿಬಿಡುತ್ತಾರೆ. ಮಣಿಪುರದ ಲೋಕ್ತಕ್ ಸರೋವರಕ್ಕೆ 2006ರಲ್ಲಿ ಸಂರಕ್ಷಣಾ ಕಾಯ್ದೆ ಬಂತು. 2011ರಲ್ಲಿ ಅಲ್ಲಿನ ತೇಲುವ ಹುಲ್ಲುಹಾಸುಗಳ ಮೇಲಿದ್ದ ಮೀನುಗಾರರ ಗುಡಿಸಲುಗಳನ್ನು ಆಡಳಿತವೇ ಸುಟ್ಟುಹಾಕಿತು. ಚೀನಾದ ಯಾಂಗ್ಟ್ಸೆ ನದಿಯಲ್ಲಿ, ಅದಕ್ಕೆ ಸೇರಿದ ಪೊಯಾಂಗ್, ಡೊಂಗ್ಟಿಂಗ್ ಸರೋವರಗಳಲ್ಲಿ 2021ರ ಜನವರಿಯಿಂದ ಹತ್ತು ವರ್ಷ ಮೀನುಗಾರಿಕೆ ನಿಲ್ಲಿಸಿದಾಗ ಎರಡು ಲಕ್ಷಕ್ಕೂ ಹೆಚ್ಚು ಮೀನುಗಾರರು ಕಸುಬು ಬಿಟ್ಟರು. ಹವ್ಯಾಸಿಗಳಿಗೆ ಮಾತ್ರ ಒಂದು ಕಿಂಡಿ ಉಳಿಯಿತು: ಅನುಮತಿಯಿರುವ ಜಾಗದಲ್ಲಿ ಒಬ್ಬರಿಗೆ ಒಂದು ಕೋಲು, ಒಂದು ದಾರ, ಒಂದು ಕೊಕ್ಕೆ. ಕಸ ಯಾರು ಬಿಟ್ಟರು ಎಂಬ ಪ್ರಶ್ನೆಗೂ ಊಟ ಯಾರು ಕಳೆದುಕೊಂಡರು ಎಂಬ ಪ್ರಶ್ನೆಗೂ ಉತ್ತರ ಒಂದೇ ಅಲ್ಲ.

ಈಗ ಮಾತು ಮತ್ತೆ ವಸ್ತುವಿನ ಕಡೆ ತಿರುಗುತ್ತಿರುವ ಸೂಚನೆಗಳಿವೆ. ಯುರೋಪಿನ ರಾಸಾಯನಿಕ ನಿಯಂತ್ರಣ ಸಂಸ್ಥೆ 2021ರಲ್ಲಿ ಗಾಳದ ಸೀಸವನ್ನು ಒಕ್ಕೂಟದಾದ್ಯಂತ ನಿರ್ಬಂಧಿಸುವ ಪ್ರಸ್ತಾವ ಮುಂದಿಟ್ಟಿತು. ದಾರಕ್ಕೆ ಅಂಥ ಕಾನೂನಿನ ಬೆಂಬಲವಿಲ್ಲ. ದಾರದ ವಿಷಯದಲ್ಲಿ ಸದ್ಯಕ್ಕೆ ಕೆಲಸ ಮಾಡುತ್ತಿರುವುದು ಪಿವಿಸಿ ಕೊಳವೆ. ಅಮೆರಿಕದ ಫ್ಲಾರಿಡಾದಲ್ಲಿ ಗಾಳ ಹಾಕುವ ಕಟ್ಟೆಗಳ ಬಳಿ ಬಾಗಿದ ಬಾಯಿಯ ಕೊಳವೆಗಳನ್ನು ನಿಲ್ಲಿಸಿ, ಹಳೆಯ ದಾರವನ್ನು ಅದರಲ್ಲಿ ಹಾಕುವಂತೆ ಮಾಡಿದ್ದಾರೆ. ಸ್ವಯಂಸೇವಕರು ಅದನ್ನು ಖಾಲಿ ಮಾಡಿ, ಕೊಕ್ಕೆ, ಗುಂಡುಗಳನ್ನು ಬೇರ್ಪಡಿಸಿ, ಮರುಬಳಕೆಗೆ ಕಳಿಸುತ್ತಾರೆ. ಒಂಟಿ ಎಳೆಯ ನೈಲಾನ್‌ಗೆ ಮಾತ್ರ ಈ ಏರ್ಪಾಡು. ಹಲವು ಎಳೆಗಳನ್ನು ಹೆಣೆದು ಮಾಡಿದ ಹೊಸ ಬಗೆಯ ದಾರ ಮರುಬಳಕೆಗೆ ಬರುವುದಿಲ್ಲ. ಅದನ್ನು ಸುತ್ತಿಕೊಳ್ಳದಷ್ಟು ಚಿಕ್ಕ ತುಂಡುಗಳಾಗಿ ಕತ್ತರಿಸಿ, ಮುಚ್ಚಳವಿರುವ ತೊಟ್ಟಿಗೆ ಹಾಕಬೇಕು.