ಲೇಬಲ್ ಮೇಲಿನ ಹೆಸರು ಯಾರದು?

1962ರ ನವೆಂಬರ್‌ನಲ್ಲಿ ಅಮೆರಿಕದ ನಂಬರ್ ಒನ್ ಹಾಡು 'ಹೀ ಈಸ್ ಅ ರೆಬೆಲ್'. ರೆಕಾರ್ಡಿನ ಲೇಬಲ್ ಮೇಲೆ 'ದಿ ಕ್ರಿಸ್ಟಲ್ಸ್' ಅಂತ ಅಚ್ಚಾಗಿತ್ತು. ಆದರೆ ಕ್ರಿಸ್ಟಲ್ಸ್ ಹುಡುಗಿಯರು ಆ ಹಾಡನ್ನು ಹಾಡಿರಲೇ ಇಲ್ಲ. ಅವರು ನ್ಯೂಯಾರ್ಕ್ ಕಡೆಯವರು. ನಿರ್ಮಾಪಕ ಫಿಲ್ ಸ್ಪೆಕ್ಟರ್ ಆಗ ಇದ್ದದ್ದು ಲಾಸ್ ಏಂಜಲೀಸ್‌ನಲ್ಲಿ. ಇನ್ನೊಬ್ಬ ಗಾಯಕಿ ಅದೇ ಹಾಡನ್ನು ರೆಕಾರ್ಡ್ ಮಾಡುತ್ತಿದ್ದಾಳೆ ಅಂತ ಗೊತ್ತಾಗಿ ಅವನಿಗೆ ಅವಸರ ಹತ್ತಿತು. ಅಲ್ಲೇ ಕೈಗೆ ಸಿಕ್ಕ ಡಾರ್ಲೀನ್ ಲವ್ ಮತ್ತು ಬ್ಲಾಸಮ್ಸ್ ತಂಡದಿಂದ ಹಾಡಿಸಿದ. ಕ್ರಿಸ್ಟಲ್ಸ್ ಹೆಸರಲ್ಲಿ ಬಿಟ್ಟುಬಿಟ್ಟ. ಕ್ರಿಸ್ಟಲ್ಸ್‌ನವರು 'ತಮ್ಮ' ಹಾಡನ್ನು ಮೊದಲು ಕೇಳಿದ್ದು ರೇಡಿಯೊದಲ್ಲಿ. ಆಮೇಲೆ ಜನ ಕೇಳುತ್ತಾರಲ್ಲ, ವೇದಿಕೆ ಮೇಲೆ ಹಾಡಲು ಅದನ್ನು ಕಲಿಯಬೇಕಾಯಿತು.

ಇಂಥ ಸುಳ್ಳುಗಳನ್ನು ಬಿಡಿಸುವವರು ವಿಶ್ವವಿದ್ಯಾಲಯದ ಸಂಶೋಧಕರೇನಲ್ಲ. ರೆಕಾರ್ಡ್ ಹುಚ್ಚು ಹತ್ತಿದ ಸಂಗ್ರಹಕಾರರು. ಅರವತ್ತರ ದಶಕದ ಪಾಪ್ ಹಾಡುಗಳನ್ನು, ಅದರಲ್ಲೂ 'ಗರ್ಲ್ ಗ್ರೂಪ್' ಅನ್ನುವ ಹುಡುಗಿಯರ ತಂಡಗಳ ಹಾಡುಗಳನ್ನು ಹುಡುಕಿ ತೆಗೆಯುವುದೇ ಇವರ ಕೆಲಸ. ಹಾಡು ಯಾಕೆ ಕಳೆದುಹೋಯಿತು ಅನ್ನುವುದು ತಿಳಿಯದಿದ್ದರೆ ಈ ಹುಚ್ಚು ಅರ್ಥವಾಗುವುದಿಲ್ಲ.

1949ರಲ್ಲಿ ಆರ್‌ಸಿಎ ವಿಕ್ಟರ್ ಕಂಪನಿ ಏಳು ಇಂಚಿನ, ನಿಮಿಷಕ್ಕೆ 45 ಸುತ್ತಿನ ರೆಕಾರ್ಡ್ ಮಾರುಕಟ್ಟೆಗೆ ತಂದಿತು. ನಮ್ಮಲ್ಲಿ ಹಳೇ ಸಿನಿಮಾ ಹಾಡುಗಳ ಇ.ಪಿ. ತಟ್ಟೆ ಕಂಡವರಿಗೆ ಆ ಅಳತೆ ಗೊತ್ತು. ಅಮೆರಿಕದ್ದರಲ್ಲಿ ನಡುವಿನ ತೂತು ದೊಡ್ಡದು, ಒಂದು ಮಗ್ಗುಲಿಗೆ ಒಂದೇ ಹಾಡು. ಬೆಲೆ ಕಡಿಮೆ. ಶಾಲೆಗೆ ಹೋಗುವ ಮಕ್ಕಳೂ ಕೈಖರ್ಚಿನ ಕಾಸಿನಲ್ಲಿ ಕೊಳ್ಳಬಹುದಿತ್ತು. ಹಾಡುವವರೂ ಬಹುಪಾಲು ಅದೇ ವಯಸ್ಸಿನವರು. ಶಿರೆಲ್ಸ್ ನ್ಯೂಜೆರ್ಸಿಯ ಪಸೇಯಿಕ್ ಊರಿನ ಹೈಸ್ಕೂಲ್ ಗೆಳತಿಯರು. 1961ರ ಆರಂಭದಲ್ಲಿ ಅವರ 'ವಿಲ್ ಯು ಲವ್ ಮಿ ಟುಮಾರೋ' ನಂಬರ್ ಒನ್ ಆಯಿತು. ಕಪ್ಪು ಹುಡುಗಿಯರ ತಂಡವೊಂದು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ತುದಿಗೆ ಏರಿದ್ದು ಅದೇ ಮೊದಲು. ಅದೇ ವರ್ಷ ಮಿಷಿಗನ್‌ನ ಇಂಕ್‌ಸ್ಟರ್ ಊರಿನ ಮಾರ್ವೆಲೆಟ್ಸ್ ಮೋಟೌನ್ ಕಂಪನಿಗೆ ಅದರ ಮೊದಲ ನಂಬರ್ ಒನ್ ಪಾಪ್ ಹಾಡು ತಂದುಕೊಟ್ಟರು.

ಅಲ್ಲಿಂದ ಎಲ್ಲರಿಗೂ ಹುಡುಗಿಯರ ತಂಡ ಬೇಕಾಯಿತು. ಒಬ್ಬ ನಿರ್ಮಾಪಕ, ಒಂದು ಬಾಡಿಗೆ ಸ್ಟುಡಿಯೊ, ಮೂರು ಜನ ಹುಡುಗಿಯರು. ಐನೂರೋ ಸಾವಿರವೋ ಪ್ರತಿ ಒತ್ತಿಸಿ ರೇಡಿಯೊ ಸ್ಟೇಷನ್‌ಗಳಿಗೆ ಹಂಚುವುದು. ಓಡಿದರೆ ಸರಿ, ಇಲ್ಲದಿದ್ದರೆ ಅದೇ ಹುಡುಗಿಯರಿಗೆ ಇನ್ನೊಂದು ಹೆಸರಿಟ್ಟು ಇನ್ನೊಂದು ಹಾಡು. ಸಗಟು ವ್ಯಾಪಾರಿಗಳು ಮಾರಾಟವಾಗದ ಸರಕನ್ನು ವಾಪಸ್ ಕಳಿಸುತ್ತಿದ್ದರು, ಮಾರಿದ್ದಕ್ಕೆ ದುಡ್ಡು ಕೊಡಲು ಸತಾಯಿಸುತ್ತಿದ್ದರು. ಹಾಗಾಗಿ ಹಾಡು ಗೆದ್ದರೂ ಸಣ್ಣ ಕಂಪನಿ ಮುಳುಗುತ್ತಿತ್ತು. ವಿಚಿತ್ರ ಅಲ್ವಾ? 1964ರಲ್ಲಿ ಬೀಟಲ್ಸ್ ಮತ್ತು ಅವರ ಹಿಂದೆ ಬಂದ ಬ್ರಿಟಿಷ್ ತಂಡಗಳು ರೇಡಿಯೊ ಸಮಯವನ್ನೆಲ್ಲ ನುಂಗಿದವು. ಶಾಂಗ್ರಿ-ಲಾಸ್ ಅನ್ನುವ ಹುಡುಗಿಯರ ತಂಡದ ಹಾಡುಗಳನ್ನು ಹೊರತಂದ ರೆಡ್ ಬರ್ಡ್ ಕಂಪನಿಯ ಆಯಸ್ಸು 1964ರಿಂದ 1966ರವರೆಗೆ, ಅಷ್ಟೇ.

ಉಳಿದ ರೆಕಾರ್ಡುಗಳು ಎಲ್ಲಿಗೆ ಹೋದವು? ಗೋದಾಮಿಗೆ, ಜ್ಯೂಕ್‌ಬಾಕ್ಸ್ (ಕಾಸು ಹಾಕಿದರೆ ಹಾಡುವ ಯಂತ್ರ) ನಡೆಸುವವರ ಹಳೇ ಡಬ್ಬಿಗಳಿಗೆ, ದಾನದ ಅಂಗಡಿಗಳಿಗೆ. ಎಷ್ಟೋ ಸಿಂಗಲ್‌ಗಳನ್ನು ವಿನೈಲ್ ಬದಲು ಅಗ್ಗದ ಪಾಲಿಸ್ಟೈರೀನ್‌ನಲ್ಲಿ ಮಾಡಿದ್ದರು. ಅದು ಬೇಗ ಸೀಳುತ್ತದೆ. ಭಾರದ ಮುಳ್ಳು ಅದರ ಗೀರನ್ನು ತಿಂದುಹಾಕುತ್ತದೆ. ಹತ್ತು ಸಲ ಬಾರಿಸಿದ ಪ್ರತಿ ಕೇಳಿದರೆ ಹಾಡಿಗಿಂತ ಬಾಣಲೆಯ ಸದ್ದೇ ಜಾಸ್ತಿ.

ಅಮೆರಿಕನ್ನರು ಮರೆತದ್ದನ್ನು ಎತ್ತಿಕೊಂಡವರು ಇಂಗ್ಲೆಂಡಿನ ಉತ್ತರದ ಕೈಗಾರಿಕಾ ಊರುಗಳ ಹುಡುಗರು. ಮ್ಯಾಂಚೆಸ್ಟರ್‌ನ ಟ್ವಿಸ್ಟೆಡ್ ವೀಲ್ ಕ್ಲಬ್‌ನಲ್ಲಿ ಅವರು ರಾತ್ರಿಯಿಡೀ ಕುಣಿಯುತ್ತಿದ್ದದ್ದು ಅರವತ್ತರ ದಶಕದ ನಡುವಿನ ವೇಗದ 'ಸೋಲ್' ಹಾಡುಗಳಿಗೆ, ಅಂದರೆ ಅಮೆರಿಕದ ಕಪ್ಪು ಜನರ ಒಂದು ಸಂಗೀತ ಶೈಲಿಗೆ. ಲಂಡನ್ನಿನಲ್ಲಿ ರೆಕಾರ್ಡ್ ಅಂಗಡಿ ಇಟ್ಟಿದ್ದ ಡೇವ್ ಗಾಡಿನ್ ಈ ರುಚಿಗೆ 'ನಾರ್ದರ್ನ್ ಸೋಲ್' ಅಂತ ಹೆಸರಿಟ್ಟ. 1973ರ ಸೆಪ್ಟೆಂಬರ್‌ನಲ್ಲಿ ಶುರುವಾದ ವಿಗನ್ ಕ್ಯಾಸಿನೊ ಕ್ಲಬ್ಬಿನ ಬಾಗಿಲು ನಡುರಾತ್ರಿ ಎರಡಕ್ಕೆ ತೆರೆದು ಬೆಳಿಗ್ಗೆ ಎಂಟಕ್ಕೆ ಮುಚ್ಚುತ್ತಿತ್ತು. ಒಳಗೆ ಮದ್ಯ ಇಲ್ಲ. ಬರೀ ಕುಣಿತ.

ತಮಾಷೆ ಏನೆಂದರೆ, ಇಲ್ಲಿ ಎಲ್ಲರಿಗೂ ಗೊತ್ತಿದ್ದ ಹಾಡಿಗೆ ಬೆಲೆ ಇರಲಿಲ್ಲ. ಸೋತ ಹಾಡೇ ಬೇಕು. ಬೇರೆ ಯಾರ ಹತ್ತಿರವೂ ಇಲ್ಲದ ರೆಕಾರ್ಡ್ ಇಟ್ಟುಕೊಂಡ ಡಿಜೆಯೇ ರಾಜ. ಹಾಗಾಗಿ ಅವರು ಅಮೆರಿಕಕ್ಕೇ ಹೊರಟರು. ಡಿಜೆ ಇಯಾನ್ ಲೆವಿನ್ ಮಯಾಮಿಗೆ ಮನೆಯವರ ಜೊತೆ ರಜೆಗೆ ಹೋದಾಗಲೆಲ್ಲ ಅಲ್ಲಿನ ರೆಕಾರ್ಡ್ ರಾಶಿಗಳನ್ನು ಜಾಲಾಡಿದ. ಇನ್ನೊಬ್ಬ ಡಿಜೆ ರಿಚರ್ಡ್ ಸೀರ್ಲಿಂಗ್ 1973ರಲ್ಲಿ ಫಿಲಡೆಲ್ಫಿಯಾದಲ್ಲಿ ಗ್ಲೋರಿಯಾ ಜೋನ್ಸ್ ಹಾಡಿದ ಒಂದು ರೆಕಾರ್ಡ್ ಕೊಂಡ. 1965ರಲ್ಲಿ ಸದ್ದಿಲ್ಲದೆ ಸತ್ತಿದ್ದ ಸರಕು ಅದು. ಅದರ ಬಿ ಸೈಡ್, ಅಂದರೆ ಹಿಂಬದಿಯ ಹಾಡು, 'ಟೇಂಟೆಡ್ ಲವ್'. ಕ್ಲಬ್‌ಗಳಲ್ಲಿ ಅದು ಹೊತ್ತಿಕೊಂಡಿತು. 1981ರಲ್ಲಿ ಸಾಫ್ಟ್ ಸೆಲ್ ತಂಡ ಅದನ್ನೇ ಮತ್ತೆ ಹಾಡಿ ಬ್ರಿಟನ್ನಿನಲ್ಲಿ ನಂಬರ್ ಒನ್ ಆಯಿತು.

ಈ ಪೈಪೋಟಿ ಇನ್ನೊಂದು ಸುಳ್ಳನ್ನು ಹುಟ್ಟಿಸಿತು. ಹೆಸರು ಗೊತ್ತಾದರೆ ಬೇರೆಯವರೂ ಹೋಗಿ ಹುಡುಕುತ್ತಾರಲ್ಲ. ಅದಕ್ಕೆ ಡಿಜೆಗಳು ಲೇಬಲ್ ಮೇಲೆ ಬಿಳಿ ಕಾಗದ ಅಂಟಿಸಿ, ಹಾಡಿಗೂ ಹಾಡಿದವರಿಗೂ ಬೇರೆ ಹೆಸರು ಕಟ್ಟಿ ಹೇಳುತ್ತಿದ್ದರು. ಇದಕ್ಕೆ 'ಕವರ್ ಅಪ್' ಅನ್ನುತ್ತಾರೆ. ದೊಡ್ಡ ಸ್ಪೀಕರ್ ಇಟ್ಟು ರೆಕಾರ್ಡ್ ಹಾಕಿ ಜನರನ್ನು ಕುಣಿಸುತ್ತಿದ್ದ ಜಮೈಕಾದ ಸೌಂಡ್ ಸಿಸ್ಟಂನವರು ಲೇಬಲ್ ಕೆರೆದು ಅಳಿಸಿ ಈ ಆಟ ಮೊದಲೇ ಆಡಿದ್ದರು. ಫ್ರ್ಯಾಂಕ್ ವಿಲ್ಸನ್ 1965ರಲ್ಲಿ ಮೋಟೌನ್‌ಗೆ ಹಾಡಿದ ಒಂದು ಹಾಡು ವಿಗನ್‌ನಲ್ಲಿ 'ಎಡ್ಡಿ ಫಾಸ್ಟರ್' ಅನ್ನುವ ಬೇರೊಬ್ಬ ಗಾಯಕನ ಹೆಸರಲ್ಲಿ ಮೊಳಗಿತು. ಅದರ ಹೆಚ್ಚಿನ ಪ್ರತಿಗಳನ್ನು ಕಂಪನಿಯೇ ನಾಶ ಮಾಡಿತ್ತು. ಉಳಿದ ಒಂದು ಪ್ರತಿ 2009ರಲ್ಲಿ 25,742 ಪೌಂಡಿಗೆ ಹೋಯಿತು. 2020ರಲ್ಲಿ 1,00,000 ಪೌಂಡಿಗೆ. ಏಳು ಇಂಚಿನ ತಟ್ಟೆಗೆ!

ದುಡ್ಡಿನ ಕಥೆಗಿಂತ ನನಗೆ ಇಷ್ಟವಾಗುವುದು ಇವರ ಪತ್ತೇದಾರಿ ಕೆಲಸ. ಹಾಡು ಮುಗಿದ ಮೇಲೆ ಮುಳ್ಳು ಸುಮ್ನೆ ಸುತ್ತುವ ಜಾಗವಿದೆಯಲ್ಲ, ಅದಕ್ಕೆ 'ಡೆಡ್ ವ್ಯಾಕ್ಸ್' ಅನ್ನುತ್ತಾರೆ. ದೀಪಕ್ಕೆ ಓರೆಯಾಗಿ ಹಿಡಿದರೆ ಅಲ್ಲಿ ಕೆತ್ತಿದ ನಂಬರ್ ಕಾಣುತ್ತದೆ. ಪುಟ್ಟ ತ್ರಿಕೋನದ ಪಕ್ಕ ಅಂಕಿ ಇದ್ದರೆ ಲಾಸ್ ಏಂಜಲೀಸ್‌ನ ಮೊನಾರ್ಕ್ ಕಾರ್ಖಾನೆಯಲ್ಲಿ ಒತ್ತಿದ್ದು. ಆ ಅಂಕಿ ನೋಡಿ ಯಾವ ತಿಂಗಳಿನದು ಅಂತ ಅಂದಾಜು ಹೇಳುವವರಿದ್ದಾರೆ. ಸ್ಪೆಕ್ಟರ್ ತನ್ನ ಮೊದಮೊದಲ ರೆಕಾರ್ಡುಗಳ ಆ ಜಾಗದಲ್ಲಿ ತನ್ನ ಮತ್ತು ಮೊದಲ ಹೆಂಡತಿ ಆನೆಟ್‌ಳ ಹೆಸರು ಗೀಚಿಸಿದ್ದ. ಹೆಂಡತಿಯ ಹೆಸರು ಉಂಟು, ಹಾಡಿದವಳದ್ದೇ ಇಲ್ಲ!

ಇನ್ನು ಲೇಬಲ್ ಮೇಲೆ ಕಂಸದೊಳಗೆ ಸಣ್ಣಕ್ಷರದಲ್ಲಿರುವ ಗೀತರಚನೆಕಾರರ ಹೆಸರು, ಪ್ರಕಾಶಕರ ಹೆಸರು. ಎರಡು ಬೇರೆ ಬೇರೆ ತಂಡಗಳ ರೆಕಾರ್ಡಿನಲ್ಲಿ ಇವೆರಡೂ ಒಂದೇ ಆಗಿದ್ದು, ದನಿಯೂ ಒಂದೇ ಥರ ಇದ್ದರೆ ಅನುಮಾನ ಶುರು. ವಾದ್ಯಗಾರರ ಸಂಘದ ಹಳೇ ಸೆಷನ್ ಕಾಗದ, ವ್ಯಾಪಾರಿ ಪತ್ರಿಕೆಗಳ ಎರಡು ಸಾಲಿನ ವಿಮರ್ಶೆ, ಎಲ್ಲವನ್ನೂ ಜೋಡಿಸಿ ನೋಡುತ್ತಾರೆ. ಕೊನೆಗೆ ಒಂದು ಫೋನ್. ಆ ಕಡೆ ಎತ್ತುವವರು ಎಷ್ಟೋ ಸಲ ಮೊಮ್ಮಕ್ಕಳಿರುವ ಅಜ್ಜಿ.

ಲಂಡನ್ನಿನ ಏಸ್ ರೆಕಾರ್ಡ್ಸ್ ಈ ಪತ್ತೆಯನ್ನೇ ಕಸುಬು ಮಾಡಿಕೊಂಡಿದೆ. ಹಳೇ ಟೇಪ್‌ಗಳ ಹಕ್ಕುದಾರರನ್ನು ಹುಡುಕಿ, ಲೈಸೆನ್ಸ್ ಪಡೆದು, ದಪ್ಪ ಕಿರುಪುಸ್ತಕದ ಜೊತೆ ಸಿಡಿ ತರುತ್ತದೆ. 2005ರಲ್ಲಿ ಅಮೆರಿಕದ ರೈನೊ ಕಂಪನಿ 120 ಗರ್ಲ್ ಗ್ರೂಪ್ ಹಾಡುಗಳನ್ನು ನಾಲ್ಕು ಸಿಡಿಗಳಲ್ಲಿ ತಂದಿತು, ಹೆಂಗಸರ ಟೋಪಿ ಇಡುವ ದುಂಡನೆಯ ಡಬ್ಬಿಯಲ್ಲಿ. ಅದರಲ್ಲಿ ಹೆಸರೇ ಕೇಳದ ತಂಡಗಳು ಬಹಳ. ಇದೆಲ್ಲ ಚೆನ್ನ. ಆದರೆ ಹಳೇ ಪ್ರತಿ ಹರಾಜಿನಲ್ಲಿ ಎಷ್ಟು ಸಾವಿರಕ್ಕೆ ಹೋದರೂ ಹಾಡಿದವರಿಗೆ ಬಿಡಿಗಾಸೂ ಸೇರುವುದಿಲ್ಲ. ಅವರಿಗೆ ಬರಬೇಕಾದದ್ದೇ ಬಂದಿರಲಿಲ್ಲ ಬಿಡಿ. ರೊನೆಟ್ಸ್ ತಂಡ ಸ್ಪೆಕ್ಟರ್ ಜೊತೆಗಿನ 1963ರ ಒಪ್ಪಂದದಿಂದ ಪಡೆದದ್ದು ಒಟ್ಟು ಸುಮಾರು 15,000 ಡಾಲರ್ ಮುಂಗಡ. 1987ರಲ್ಲಿ ಅವರು ಕೋರ್ಟಿಗೆ ಹೋದರು. 2002ರಲ್ಲಿ ನ್ಯೂಯಾರ್ಕ್‌ನ ಮೇಲಿನ ಕೋರ್ಟ್, ರೆಕಾರ್ಡ್ ಮಾರಾಟದ ರಾಯಲ್ಟಿ ಅವರಿಗೆ ಸಲ್ಲಬೇಕು ಅಂದಿತು. ಆದರೆ ಹಾಡುಗಳನ್ನು ಸಿನಿಮಾ, ಜಾಹೀರಾತಿಗೆ ಕೊಡುವ ಹಕ್ಕು ಸ್ಪೆಕ್ಟರ್‌ನದ್ದೇ ಆಗಿ ಉಳಿಯಿತು.

ಡಾರ್ಲೀನ್ ಲವ್ 2011ರಲ್ಲಿ ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿದರು. 'ಹೀ ಈಸ್ ಅ ರೆಬೆಲ್' ಹಾಡಿದ್ದು ಯಾರು ಅನ್ನುವುದು ಈಗ ಗುಟ್ಟೇನಲ್ಲ. ಆ ರೆಕಾರ್ಡೂ ಅಪರೂಪದ್ದಲ್ಲ. ಅಷ್ಟೊಂದು ಮಾರಾಟವಾಗಿತ್ತಲ್ಲ, ಬಾರಿಸಿ ಸವೆದ ಪ್ರತಿ ಇವತ್ತಿಗೂ ಕೆಲವೇ ಡಾಲರಿಗೆ ಸಿಗುತ್ತದೆ. ಸ್ಪೆಕ್ಟರ್‌ನ ಫಿಲ್ಲೀಸ್ ಕಂಪನಿ, ನಂಬರ್ 106. ಲೇಬಲ್ ಮೇಲೆ ಈಗಲೂ 'ದಿ ಕ್ರಿಸ್ಟಲ್ಸ್' ಅಂತಲೇ ಇದೆ.